ಭಾವನ ಬೆಟ್ಟದಲ್ಲಿ ಭಾನುವಾರ

ನನ್ನ ಕುತ್ತಿಗೆಯಲ್ಲಿ ಬೈನಾಕ್ಯುಲರ್ ಇರುತ್ತದೆ, ಅವನ ಸೊಂಟದಲ್ಲಿ ಕತ್ತಿ. ಆದರೆ ಕಾಡು ಹೊಕ್ಕಮೇಲೆ ಏನನ್ನಾದರೂ ಮೊದಲು ಕಾಣುವವನು ಹೆಚ್ಚುಕಡಿಮೆ ಯಾವಾಗಲೂ ಕತ್ತಿಯವನೇ. ಇದು ನನಗೆ ಬಹಳ ಕಾಲ ಕಿರಿಕಿರಿಯ ವಿಷಯವಾಗಿತ್ತು. ಹಕ್ಕಿಗಳ ಬಗ್ಗೆ ಓದಿಕೊಂಡವನು ನಾನು, ಮೊಬೈಲಿನಲ್ಲಿ ಆ್ಯಪ್ ಇಟ್ಟುಕೊಂಡವನು ನಾನು, ದುಡ್ಡು ಕೊಟ್ಟು ಒಳ್ಳೆಯ ಬೂಟು ತಂದವನೂ ನಾನೇ. ಅವನದೋ ಹವಾಯಿ ಚಪ್ಪಲಿ, ಮೊಣಕಾಲಿಗೆ ಎತ್ತಿ ಕಟ್ಟಿದ ಲುಂಗಿ, ಬಾಯಲ್ಲಿ ಕವಳ. ನಾವು ಒಬ್ಬರನ್ನೊಬ್ಬರು ಭಾವ ಎಂದೇ ಕರೆದುಕೊಳ್ಳುವುದು. ಹೆಣ್ಣು ಕೊಟ್ಟು ತಂದ ಸಂಬಂಧವೇನೂ ಇಲ್ಲ. ಶಿರಸಿ ಸೀಮೆಯಲ್ಲಿ ಅದಕ್ಕೆ ಸಂಬಂಧ ಬೇಕಾಗುವುದೂ ಇಲ್ಲ.

ಭಾನುವಾರ ಬೆಳಿಗ್ಗೆ ಶಿರಸಿ ಪೇಟೆಯಿಂದ ಬೈಕು ಹತ್ತಿ, ಘಟ್ಟದ ಅಂಚಿಗಿರುವ ಅವನ ಊರು ಮುಟ್ಟಿ, ಆಸರಿಗೆ (ಕುಡಿಯುವುದು, ತಿನ್ನುವುದು) ಮುಗಿಸಿ ಹೊರಡುತ್ತೇವೆ. ದಾರಿ ಬದಲಾಗುವುದಿಲ್ಲ. ಮನೆಯ ಹಿಂದಿನಿಂದ ತೋಟಕ್ಕಿಳಿಯುವುದು, ಅಡಕೆ ದಬ್ಬೆಯ ಸಂಕ ದಾಟಿ ಸೊಪ್ಪಿನ ಬೆಟ್ಟ ಹತ್ತುವುದು, ಹುಲ್ಲು ಬೆಳೆಯುವ ಬ್ಯಾಣದ ಬಯಲಲ್ಲಿ ಸ್ವಲ್ಪ ನಿಲ್ಲುವುದು, ಕಾನಿನ (ದಟ್ಟ ಕಾಡಿನ) ಅಂಚು ಹಿಡಿದು ಹಳ್ಳದವರೆಗೆ ಹೋಗಿ ಗದ್ದೆಯ ಕಡೆಯಿಂದ ವಾಪಸು. ಆ ಹಳ್ಳ ಮುಂದೆ ಅಘನಾಶಿನಿಗೆ ಸೇರುತ್ತದೆ. ಬೇರೆ ದಾರಿ ಹಿಡಿಯೋಣ ಎಂದು ನಾನು ಆಗಾಗ ಹೇಳಿದ್ದುಂಟು. ಅವನು ಒಪ್ಪುವುದಿಲ್ಲ. ಅವನಿಗೆ ಇದು ವಾಕಿಂಗ್ ಅಲ್ಲವೇ ಅಲ್ಲ, ವಾರಕ್ಕೊಮ್ಮೆ ಆಸ್ತಿ ನೋಡಿಕೊಂಡು ಬರುವ ಕೆಲಸ. ನಾನು ಜೊತೆಗೆ ಬರುವವನು, ಅಷ್ಟೇ.

ಅವನ ಕಣ್ಣಿನ ಗುಟ್ಟು ಇಲ್ಲೇ ಇದೆ ಎಂದು ತಿಳಿಯಲು ನನಗೆ ಸಮಯ ಹಿಡಿಯಿತು.

ತೋಟದೊಳಗೆ ನಾನು ಮೇಲೆ ನೋಡುತ್ತ ನಡೆಯುತ್ತೇನೆ, ಅವನು ಕೆಳಗೆ. ಮರದ ಬುಡದಲ್ಲಿ ಬಿದ್ದ ಒಂದು ಎಳೆ ಅಡಕೆಯನ್ನು ಎತ್ತಿ ತಿರುಗಿಸಿ ನೋಡಿದರೆ ಅವನಿಗೆ ರಾತ್ರಿ ಬಂದವರು ಯಾರು, ಬೆಳಿಗ್ಗೆ ಬಂದವರು ಯಾರು ಎಂದು ಗೊತ್ತಾಗುತ್ತದೆ. ಮಂಗವಾದರೆ ಎಳೆಯ ಕಾಯಿ ಕಚ್ಚಿ ರಸ ಹೀರಿ ಜಗಿದದ್ದನ್ನು ಸಿಪ್ಪೆಸಮೇತ ಬಿಸಾಡಿರುತ್ತದೆ, ಒಂದು ತಿಂದು ಹತ್ತು ಹಾಳು ಮಾಡಿರುತ್ತದೆ. ಬಾವಲಿಯ ಲೆಕ್ಕ ಬೇರೆ. ಅದಕ್ಕೆ ಬೇಕಾಗಿರುವುದು ಹಣ್ಣಡಕೆಯ ಮೇಲಿನ ತೊಗಟೆ ಮಾತ್ರ. ಹಣ್ಣಡಕೆ ಒಣಗಿಸಿ ಚಾಲಿ ಮಾಡುವವರು ಕಾಯನ್ನು ಮರದಲ್ಲೇ ಹಣ್ಣಾಗಲು ಬಿಡುತ್ತಾರಲ್ಲ, ಆಗ ಅದು ಹಣ್ಣನ್ನು ಕಚ್ಚಿಕೊಂಡು ಬೇರೆ ಮರಕ್ಕೆ ಹೋಗಿ, ಜೋತುಬಿದ್ದು, ತೊಗಟೆ ಚೀಪಿ, ಒಳಗಿನ ಅಡಕೆಯನ್ನು ಕೆಳಗೆ ಬೀಳಿಸುತ್ತದೆ. ಒಂದೇ ಮರದಡಿಯಲ್ಲಿ ಬಟ್ಟಲುಗಟ್ಟಲೆ ಸುಲಿದ ಅಡಕೆ. ಭಾವನ ಮನೆಯಲ್ಲಿ ಮಕ್ಕಳು ಅದನ್ನು ಆರಿಸಿ ತಂದು, ಬೇರೆಯಾಗಿ ಒಣಗಿಸಿ, ಮಾರಿದ ದುಡ್ಡನ್ನು ತಮ್ಮದೆಂದು ಇಟ್ಟುಕೊಳ್ಳುತ್ತಾರೆ. ಆ ಮನೆಯಲ್ಲಿ ಬಾವಲಿಗೆ ಯಾರೂ ಬೈದದ್ದು ನಾನು ಕೇಳಿಲ್ಲ. ಮಂಗನ ವಿಷಯದಲ್ಲಿ ಬಳಸುವ ಮಾತುಗಳನ್ನು ಇಲ್ಲಿ ಬರೆಯಲಾಗದು.

ತೋಟದಲ್ಲಿ ನಾನು ಹುಡುಕುವುದು ಹಾರುವ ಓತಿಯನ್ನು. ಅಡಕೆ ಮರದ ಬೂದು ಕಾಂಡಕ್ಕೆ ಮೈ ಒತ್ತಿ ಕುಳಿತರೆ ಕಲೆಗೂ ಓತಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಕಾಣುವ ದಾರಿ ಒಂದೇ: ಗಂಡು ಕುತ್ತಿಗೆಯ ಕೆಳಗಿನ ಹಳದಿ ಚೀಲವನ್ನು ಹೊರಗೆ ಚಾಚಿ ಒಳಗೆಳೆದುಕೊಳ್ಳುವ ಕ್ಷಣ. ನಿಂಬೆ ಹಳದಿ, ತೆಳ್ಳಗೆ, ಬೆಳಕು ಹಿಂದಿನಿಂದ ಬಿದ್ದರೆ ಆಚೆ ಈಚೆ ಕಾಣುವಷ್ಟು. ಚಾಚುತ್ತದೆ, ಮಡಚುತ್ತದೆ, ಮತ್ತೆ ಚಾಚುತ್ತದೆ. ಅದರ ಬಾಯಿಯ ಮುಂದೆಯೇ ಇರುವೆ ಸಾಲು ಹೋಗುತ್ತಿರುತ್ತದೆ. ತಲೆಯನ್ನಷ್ಟೇ ಅಲ್ಲಾಡಿಸಿ ಒಂದೊಂದೇ ಹೆಕ್ಕುತ್ತದೆ. ಹತ್ತಿರ ಹೋದರೆ ಕಾಂಡದ ಆ ಬದಿಗೆ ಸರಿಯುತ್ತದೆ. ನಾವು ಸುತ್ತು ಹಾಕಿದರೆ ಅದೂ ಸುತ್ತು ಹಾಕುತ್ತದೆ. ಕಡೆಗೆ ಬೇಸರ ಬಂದು ಪಕ್ಕೆಲುಬು ಅಗಲಿಸಿ, ಪಕ್ಕದ ಚರ್ಮ ಬಿಚ್ಚಿ, ಮುಂದಿನ ಮರಕ್ಕೆ ತೇಲಿ ಹೋಗುತ್ತದೆ. ಇಳಿಯುವಾಗ ಮೂತಿ ಮೇಲೆ ಮಾಡಿಯೇ ಅಂಟಿಕೊಳ್ಳುತ್ತದೆ, ಕೂಡಲೇ ಮತ್ತೆ ಕಲೆಯಾಗುತ್ತದೆ. ಹೆಣ್ಣು ಮೊಟ್ಟೆ ಇಡಲು ನೆಲಕ್ಕಿಳಿಯುವುದು ಬಿಟ್ಟರೆ ಅವುಗಳ ಬದುಕೆಲ್ಲ ಮರದ ಮೇಲೆಯೇ.

ನಮ್ಮಿಬ್ಬರಿಗಿಂತ ಚೆನ್ನಾಗಿ ಇದನ್ನು ಬಲ್ಲವನು ಅಡಕೆ ಕೊನೆ ಕೊಯ್ಯುವ ಕೊನೆಗೌಡ. ಮರದ ತುದಿಯಲ್ಲಿ ಕುಳಿತು, ಇಳಿಯದೆಯೇ ಮರದಿಂದ ಮರಕ್ಕೆ ಜೀಕಿ ಹೋಗುವ ಅವನಿಗೆ ಓತಿಗಳು ಸಹೋದ್ಯೋಗಿಗಳು. ಕೊನೆಕೊಯ್ಲಿನ ಸಮಯದಲ್ಲಿ ನಾನು ಕೆಳಗಿನಿಂದ ಬೈನಾಕ್ಯುಲರ್ ಹಿಡಿದು ಕತ್ತು ನೋಯಿಸಿಕೊಳ್ಳುತ್ತಿದ್ದರೆ, ಅವನು ಮೇಲಿನಿಂದ, ‘ಹೆಗಲ ಹತ್ರಾನೇ ಕೂತದೆ, ಬೇಕಾದ್ರೆ ಹತ್ತಿ ಬನ್ನಿ’ ಎನ್ನುತ್ತಾನೆ.

ಸೊಪ್ಪಿನ ಬೆಟ್ಟವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಜಾಗ ಸರಕಾರದ್ದು, ಸೊಪ್ಪು ತೋಟದವರದ್ದು. ಬ್ರಿಟಿಷರ ಕಾಲದಿಂದ ಅಡಕೆ ತೋಟಕ್ಕೆ ಲಗತ್ತಾಗಿ ಬಂದ ಕಾಡು ಇದು. ಮಳೆಗಾಲದ ಹಸಿ ಸೊಪ್ಪು, ಬೇಸಿಗೆಯ ದರಕು (ಒಣಗಿ ಉದುರಿದ ಎಲೆ), ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ, ತೋಟದ ಮುಚ್ಚಿಗೆಗೆ ಎಲ್ಲಕ್ಕೂ ಇದೇ. ಮತ್ತಿ, ಹೊನ್ನೆ, ನಂದಿ ಮರಗಳು ಕೈಕಾಲು ಕಡಿಸಿಕೊಂಡೂ ಚಿಗುರುತ್ತಿರುತ್ತವೆ. ಶುದ್ಧ ಅರಣ್ಯಪ್ರೇಮಿಗಳಿಗೆ ಇದು ಬೋಳು ಕಾಡು. ನನಗೂ ಮೊದಲು ಹಾಗೇ ಕಂಡಿತ್ತು. ಈಗ ಹಕ್ಕಿ ಎಣಿಸುವಾಗ ನನ್ನ ಪಟ್ಟಿಯ ಅರ್ಧ ಇಲ್ಲೇ ತುಂಬುತ್ತದೆ. ಬಿಸಿಲು ನೆಲ ಮುಟ್ಟುವ ಕಡೆ ಹುಳ ಹೆಚ್ಚು, ಹುಳ ಹೆಚ್ಚಿದ್ದಲ್ಲಿ ಕಾಜಾಣ, ಮರಕುಟಿಗ, ರಾಜಹಕ್ಕಿ. 1983ರ ಸೆಪ್ಟೆಂಬರ್‌ನಲ್ಲಿ ನಮ್ಮ ತಾಲ್ಲೂಕಿನ ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ, ಕಡಿಯಲು ಬಿಡದೆ ಮರ ಅಪ್ಪಿ ನಿಂತದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಪ್ಪಿಕೋ ಎಂದರೆ ಹೊರಗಿನವರು ಪ್ರಕೃತಿ ಭಕ್ತಿ ಎಂದುಕೊಳ್ಳುತ್ತಾರೆ. ಭಾವನ ಪ್ರಕಾರ ಅದು ಸೊಪ್ಪಿನ, ನೀರಿನ, ಸೌದೆಯ ಲೆಕ್ಕಾಚಾರ. ಮರ ಹೋದರೆ ಏನೇನು ಹೋಗುತ್ತದೆ ಎಂದು ಲೆಕ್ಕ ಹಾಕಲು ಬಲ್ಲವರೇ ಅಂದು ಅಪ್ಪಿಕೊಂಡದ್ದು ಎನ್ನುತ್ತಾನೆ. ನಾನು ಅದಕ್ಕೆ ಎದುರಾಡುವುದಿಲ್ಲ.

ಒಂದು ಬೇಸಿಗೆಯಲ್ಲಿ ಮಂಗಟ್ಟೆ ಹಕ್ಕಿಯ ಗೂಡು ತೋರಿಸಿದ್ದೂ ಇದೇ ಲೆಕ್ಕದಿಂದ. ಕಾನಿನ ಅಂಚಿನಲ್ಲಿ ರಾಮಪತ್ರೆ ಮರಗಳಿವೆ. ಕಾಯಿ ಒಡೆದಾಗ ಒಳಗಿನ ಬೀಜಕ್ಕೆ ಸುತ್ತಿಕೊಂಡಿರುವ ಪತ್ರೆಗೆ ಪೇಟೆಯಲ್ಲಿ ಒಳ್ಳೆಯ ದರ. ಭಾವ ಆರಿಸಲು ಹೋದಾಗ, ರಾಮಪತ್ರೆ ಮರದಿಂದ ಬಹಳ ದೂರದಲ್ಲಿ, ಬೇರೊಂದು ಹಳೆಯ ಮರದಡಿಯಲ್ಲಿ, ಪತ್ರೆ ಒಂದಿಷ್ಟೂ ಉಳಿಯದ ಬೋಳು ಬೀಜಗಳು ಗುಡ್ಡೆಯಾಗಿ ಬಿದ್ದಿದ್ದವಂತೆ. ತನಗಿಂತ ಮುಂಚೆ ಕೊಯ್ಲು ಮಾಡಿದವರು ಯಾರು ಎಂಬ ಸಿಟ್ಟಿನಲ್ಲಿ ತಲೆ ಎತ್ತಿದಾಗ ಪೊಟರೆ ಕಂಡಿತು. ಬಾಯಿ ಮುಚ್ಚಿದ ಪೊಟರೆ, ನಡುವೆ ಉದ್ದಕ್ಕೆ ಒಂದು ಸೀಳು.

ಮುಂದಿನ ಭಾನುವಾರ ನಾವಿಬ್ಬರೂ ಪೊದೆಯ ಹಿಂದೆ ಕುಳಿತೆವು. ಮಲಬಾರ್ ಬೂದು ಮಂಗಟ್ಟೆ, ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ್ದು. ಗಂಡು ಬಂದು ಕೊಂಬೆಯ ಮೇಲೆ ಕುಳಿತು ಮೊದಲು ಸುತ್ತ ನೋಡಿತು. ಆಮೇಲೆ ಪೊಟರೆಯ ಬಾಯಿಗೆ ಜೋತುಬಿದ್ದು, ಗಂಟಲು ಕುಲುಕಿ, ಕೊಕ್ಕಿನ ತುದಿಗೆ ಒಂದು ಹಣ್ಣು ತಂದು ಸೀಳಿನೊಳಗೆ ಕೊಟ್ಟಿತು. ಮತ್ತೆ ಗಂಟಲು ಕುಲುಕಿತು, ಮತ್ತೊಂದು ಹಣ್ಣು. ಒಳಗಿರುವ ಹೆಣ್ಣು ತಿಂಗಳುಗಟ್ಟಲೆ ಹೊರಗೆ ಬರುವುದಿಲ್ಲ. ಮೊಟ್ಟೆ, ಮರಿ, ಅದರ ಸ್ವಂತ ಹೊಟ್ಟೆ ಎಲ್ಲ ಈ ಒಂದು ಗಂಡಿನ ಮೇಲೆ. ಅದು ಸತ್ತರೆ ಒಳಗಿನವೂ ಉಪವಾಸ ಬೀಳುತ್ತವೆ. ನಾನು ಇದನ್ನು ಪಿಸುಗುಟ್ಟಿ ಹೇಳುತ್ತಿದ್ದರೆ ಭಾವ ಬೀಜಗಳನ್ನೇ ನೋಡುತ್ತಿದ್ದ. ಮಳೆಗಾಲದಲ್ಲಿ ಆ ಮರದ ಬುಡದಲ್ಲಿ ರಾಮಪತ್ರೆ ಸಸಿಗಳು ಒತ್ತೊತ್ತಾಗಿ ಎದ್ದವು. ಅವನು ಕೆಲವನ್ನು ಮಣ್ಣುಸಮೇತ ಕಿತ್ತು ತಂದು ತೋಟದ ತಲೆಯಲ್ಲಿ ನೆಟ್ಟಿದ್ದಾನೆ. ಕೊಯ್ಲು ಮಾಡಿದವರಿಂದ ಬಾಡಿಗೆ ವಸೂಲಾಯಿತು ಎಂಬ ಧಾಟಿ.

ಉಪ್ಪಾಗೆಯ ಕಥೆ ಇಷ್ಟು ಸುಲಭದ್ದಲ್ಲ.

ಆಷಾಢದ ಜಡಿಮಳೆಯಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಪುಟ್ಟ ಕುಂಬಳದ ಹಾಗೆ ಗೀರು ಗೀರಾದ ಹಳದಿ ಹಣ್ಣು. ಸಿಪ್ಪೆ ಒಣಗಿಸಿದರೆ ಹುಳಿಗೆ, ಬೀಜ ಕುದಿಸಿದರೆ ತುಪ್ಪ. ಇದು ಮೊದಲಿನಿಂದ ಇದ್ದದ್ದೇ. ಸಿಪ್ಪೆಯಲ್ಲಿರುವ ಆಮ್ಲದಿಂದ ಬೊಜ್ಜು ಕರಗುತ್ತದೆಂಬ ಸುದ್ದಿ ಹೊರದೇಶಗಳಲ್ಲಿ ಹಬ್ಬಿ, 1990ರ ದಶಕದಲ್ಲಿ ವ್ಯಾಪಾರಿಗಳು ಇಲ್ಲಿಗೂ ಬಂದ ಮೇಲೆ ಕಾಡಿನ ಮರ ಮರವೂ ಎಣಿಕೆಗೆ ಸಿಕ್ಕಿತು. ಹಣ್ಣಾಗುವವರೆಗೆ ಕಾದರೆ ಬೇರೆಯವರು ಕೊಯ್ಯುತ್ತಾರೆ, ಹಾಗಾಗಿ ಕಾಯಿಯನ್ನೇ ಕೊಯ್ಯುವುದು, ತುದಿ ಸಿಗದಿದ್ದರೆ ಟೊಂಗೆಯನ್ನೇ ಕಡಿಯುವುದು. ಮಳೆಯಲ್ಲಿ ಒಣಗಿಸಲು ಬಿಸಿಲೆಲ್ಲಿ? ಒಲೆ ಹೂಡಿ ಹೊಗೆಯಲ್ಲಿ ಒಣಗಿಸಬೇಕು, ಅದಕ್ಕೆ ಮತ್ತೆ ಕಾಡಿನದೇ ಸೌದೆ.

ಇದೇ ಹಣ್ಣನ್ನು ಇದೇ ತಿಂಗಳಲ್ಲಿ ಕಾಯುವವನು ಇನ್ನೊಬ್ಬ: ಸಿಂಗಳೀಕ. ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡು ಸಿಂಗಳೀಕಗಳ ಉತ್ತರದ ತುದಿ. ಇಪ್ಪತ್ತೊಂದನೇ ಶತಮಾನದ ಶುರುವಿನಲ್ಲಿ ಸಂಶೋಧಕರು ಈ ಭಾಗದಲ್ಲಿ 32 ಗುಂಪುಗಳನ್ನು ಗುರುತಿಸಿದಾಗಲೇ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಅವು ಇಲ್ಲಿವೆ ಎಂದು ಹೊರಜಗತ್ತಿಗೆ ಗೊತ್ತಾದದ್ದು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು, 2019ರಲ್ಲಿ ಅದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗೆ ಸೇರಿತು. ಭಾವನ ಊರಿನವರಿಗೆ ಸಿಂಗಳೀಕ ಇಲ್ಲಿರುವುದು ಹೊಸ ಸುದ್ದಿಯೇನಾಗಿರಲಿಲ್ಲ. ಅವರ ಮಟ್ಟಿಗೆ ಮಂಗ ಬೇರೆ, ಮುಶ್ಯ (ಕರಿಮುಖದ ಮುಸುವ) ಬೇರೆ, ಸಿಂಗಳೀಕ ಬೇರೆ. ಮೊದಲೆರಡು ತೋಟಕ್ಕೆ ಬರುವವು. ಮೂರನೆಯದು ಮನುಷ್ಯರ ಕಡೆ ತಿರುಗಿಯೂ ನೋಡದ್ದು.

ನಾನು ಅವನ್ನು ಹತ್ತಿರದಿಂದ ಕಂಡದ್ದು ಅಂಥ ಒಂದು ಆಷಾಢದಲ್ಲಿ. ಮಳೆ ಹೊಳವಾಗಿತ್ತು, ಉಂಬಳ (ಜಿಗಣೆ) ಕೀಳುತ್ತ ಕೀಳುತ್ತ ಹಳ್ಳದ ಹತ್ತಿರ ಬಂದಿದ್ದೆವು. ಭಾವ ಕೈ ಅಡ್ಡ ಹಿಡಿದ. ಅವನಿಗೆ ಕೇಳಿಸಿದ್ದು ಕೂಗಲ್ಲ, ನೆಲಕ್ಕೆ ಬೀಳುವ ಸದ್ದು. ಮಳೆಹನಿಗಿಂತ ಭಾರವಾದದ್ದು ಬಿಟ್ಟು ಬಿಟ್ಟು ಬೀಳುತ್ತಿತ್ತು. ಉಪ್ಪಾಗೆ ಸಿಪ್ಪೆ. ಮೇಲೆ ಕರಿ ಮೈ, ಮುಖದ ಸುತ್ತ ನೆರೆತ ಗಡ್ಡದಂಥ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಒಂದು ತಾಯಿ ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು, ಹುಳಿ ಸಿಪ್ಪೆ ಹಲ್ಲಿನಿಂದ ಕಿತ್ತು ಬಿಸಾಡಿ, ಒಳಗಿನ ಬೀಜಕ್ಕೆ ಬಾಯಿ ಹಾಕುತ್ತಿತ್ತು. ಹೊಟ್ಟೆಗೆ ಅಂಟಿಕೊಂಡಿದ್ದ ಮರಿ ಕೈ ಚಾಚಿ ಅದರ ತುಟಿಯ ಮೇಲಿನ ರಸವನ್ನು ಮುಟ್ಟಿ, ತನ್ನ ಬಾಯಿಗಿಟ್ಟು, ಮುಖ ಕಿವುಚಿತು. ಹುಳಿ ತಿಂದ ಯಾವ ಮಗುವೂ ಮಾಡುವ ಮುಖ.

ನಾನು ಕ್ಯಾಮೆರಾ ತೆಗೆಯುವಷ್ಟರಲ್ಲಿ ಭಾವ ಕೆಳಗೆ ಬಿದ್ದ ಸಿಪ್ಪೆಗಳನ್ನು ಆರಿಸಿ ಚೀಲಕ್ಕೆ ಹಾಕತೊಡಗಿದ್ದ. ನನಗೆ ಬೇಕಾಗದ್ದು ಅವಕ್ಕೆ, ಅವಕ್ಕೆ ಬೇಕಾಗದ್ದು ನನಗೆ ಎಂದು ನಕ್ಕ. ಒಂದು ಕ್ಷಣ ಎಲ್ಲ ಸರಿಯಾಗಿ ಹೊಂದಿಕೊಂಡಂತೆ ಕಂಡಿತು. ಆದರೆ ಅದೇ ಗುಡ್ಡದ ಆಚೆ ಬದಿಯಲ್ಲಿ ಟೊಂಗೆ ಕಡಿಸಿಕೊಂಡ ಉಪ್ಪಾಗೆ ಮರಗಳನ್ನೂ ನಾವು ನೋಡಿದ್ದೇವೆ. ಅದನ್ನು ಕೇಳಿದರೆ, ‘ಅದಕ್ಕೂ ಬೇಕಲಾ, ಯಂಗಕ್ಕೂ ಬೇಕು’ ಎಂದು ಮಾತು ಮುಗಿಸುತ್ತಾನೆ. ತನ್ನ ಬೆಟ್ಟದ ಮರಗಳಲ್ಲಿ ತುದಿಯ ಹಣ್ಣು ಕೊಯ್ಯುವುದಿಲ್ಲ. ಇದು ಉದಾರತೆಯೋ ಹತ್ತಲು ಆಳು ಸಿಗದ ಕಷ್ಟವೋ ನಾನು ಕೇಳಿಲ್ಲ.

ಆ್ಯಪಿನ ವಿಷಯ ಹೇಳದೆ ಬಿಟ್ಟರೆ ಅವನಿಗೆ ಅನ್ಯಾಯವಾಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನದವರು ಮಾಡಿದ ಮರ್ಲಿನ್ ನನ್ನ ಮೊಬೈಲಿನಲ್ಲಿದೆ. ಹಕ್ಕಿ ಕೂಗಿದರೆ ಕೇಳಿಸಿಕೊಂಡು ಹೆಸರು ಹೇಳುತ್ತದೆ, ನೆಟ್‌ವರ್ಕ್ ಸಿಗದ ಭಾವನ ಬೆಟ್ಟದಲ್ಲೂ ನಡೆಯುತ್ತದೆ. ಒಮ್ಮೆ ಅದು ಹಾವುಗಿಡುಗ ಎಂದಿತು. ನಾನು ಆಕಾಶ ಹುಡುಕುತ್ತಿದ್ದೆ. ‘ಹದ್ದಲ್ದೋ ಮಾರಾಯಾ, ಭೀಮರಾಜ’ ಎಂದ ಇವನು, ತಲೆ ಕೂಡ ಎತ್ತದೆ. ನೋಡಿದರೆ ಎದುರಿನ ತಗ್ಗಿನ ಕೊಂಬೆಯಲ್ಲಿ, ಬಾಲದ ಎರಡು ತಂತಿಗಳನ್ನು ತೂಗಾಡಿಸುತ್ತ, ಭೀಮರಾಜ ಗಿಡುಗನ ಸಿಳ್ಳೆಯನ್ನು ಅಚ್ಚುಕಟ್ಟಾಗಿ ಹೊಡೆಯುತ್ತಿತ್ತು. ಸೊಪ್ಪು ಕಡಿಯುವಾಗ ಎದ್ದ ಹುಳಗಳಿಗಾಗಿ ಅದು ಪಕ್ಕದಲ್ಲೇ ಬಂದು ಕೂರುತ್ತದಂತೆ, ದಿನಕ್ಕೊಂದು ದನಿ ಮಾಡುತ್ತದಂತೆ. ಆ್ಯಪಿಗೆ ಸಿಕ್ಕಿದ್ದು ಬರೀ ಸದ್ದು. ಯಾವ ಎತ್ತರದಿಂದ ಬಂತು ಎಂಬುದನ್ನು ಇವನ ಕಿವಿ ಕೇಳಿತ್ತು. ಈಗ ನಾನು ಮರ್ಲಿನ್ ತೆರೆದಾಗಲೆಲ್ಲ ‘ಎಂತ ಹೇಳ್ತು ನಿನ್ನ ಜೋಯಿಸ?’ ಎಂದು ಕೇಳುತ್ತಾನೆ.

ಡಿಸೆಂಬರ್ ಕಳೆದ ಮೇಲೆ ನಡಿಗೆಯ ಗಮ್ಮತ್ತು ಕಡಿಮೆ. ಉಣುಗಿನ ಕಾಲ ಅದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಪಕ್ಕದ ಸಿದ್ದಾಪುರವನ್ನೂ ಬಿಟ್ಟಿಲ್ಲ. ಕೈಕಾಲಿಗೆ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಂಡು, ದರಕಿನ ಮೇಲೆ ಕೂರದೆ, ಮನೆಗೆ ಬಂದೊಡನೆ ಬಿಸಿನೀರು ಮಿಂದು ಬಟ್ಟೆ ಕುದಿಸುವುದು. ಆ ತಿಂಗಳುಗಳಲ್ಲಿ ಭಾವನ ಮೂಗು ಮುಂದೆ, ನಾವಿಬ್ಬರು ಹಿಂದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಒಮ್ಮೆ ‘ತಡಿ, ವಾಸ್ನೆ ಬತ್ತಾ ಇದ್ದು’ ಎಂದು ನಿಲ್ಲಿಸಿದ. ನಾನು ಅಲ್ಲೇ ನಿಂತೆ. ಅವನು ಬಳಸಿ ಹೋಗಿ ದೂರದಿಂದ ಇಣುಕಿ ನೋಡಿ ಬಂದ. ಬಿದ್ದು ಕೊಳೆತ ಹಲಸಿನ ಹಣ್ಣು, ಸುತ್ತ ಹಂದಿ ಉತ್ತ ನೆಲ.

ನಾನು ಅವನಿಗೆ ಏನಾದರೂ ತೋರಿಸಿದ್ದುಂಟೆ? ಒಂದು ಕಪ್ಪೆಯನ್ನು. ಮಳೆಗಾಲದ ಒಂದು ರಾತ್ರಿ ಇಲಾಖೆಯ ಅನುಮತಿ ಇದ್ದ ತಂಡವೊಂದರ ಜೊತೆ ಸಿದ್ದಾಪುರದ ಕತ್ತಲೆಕಾನಿನ ಹಳ್ಳಕ್ಕೆ ಹೋಗುವ ಅವಕಾಶ ಸಿಕ್ಕಿತ್ತು, ಇವನನ್ನೂ ಎಳೆದುಕೊಂಡು ಹೋದೆ. ಅಲ್ಲಿರುವುದು ಕುಂಬಾರ ಕಪ್ಪೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿ, ಹೆಸರಿನಲ್ಲಿಯೂ ಕುಂಬಾರ ಎಂಬುದನ್ನೇ ಉಳಿಸಿಕೊಂಡರು. ನೀರಿನ ಮೇಲೆ ಚಾಚಿದ ಕಡ್ಡಿಗೋ ಕಲ್ಲಿಗೋ ಇಟ್ಟ ತತ್ತಿಗೆ ಗಂಡು ಕಪ್ಪೆ ಮುಂಗೈಯಲ್ಲಿ ಕೆಸರು ಎತ್ತಿ ಎತ್ತಿ ಮೆತ್ತುತ್ತದೆ. ಆ ರಾತ್ರಿ ಮೆತ್ತುವುದನ್ನು ನಾವು ನೋಡಲಿಲ್ಲ, ಮೆತ್ತಿದ್ದನ್ನು ನೋಡಿದೆವು. ಟಾರ್ಚಿನ ಬೆಳಕಿನಲ್ಲಿ ಬೆರಳ ತುದಿಯಷ್ಟು ಮಣ್ಣಿನ ಉಂಡೆ, ಬಿರುಕಿನಲ್ಲಿ ಹೊಳೆಯುವ ತತ್ತಿ. ಅಡಕೆಯನ್ನೂ ಅಲ್ಲ, ಬಾಳೆಯನ್ನೂ ಅಲ್ಲ, ಯಾರ ಏನನ್ನೂ ತಿನ್ನದ ಜೀವ. ಅವನ ಕಣ್ಣು ಆಸ್ತಿಯ ಲೆಕ್ಕದ್ದು ಎಂಬ ನನ್ನ ವಾದಕ್ಕೆ ಇದು ಅಪವಾದವಾಗಲಿದೆ ಎಂದುಕೊಂಡೆ, ಏಕೆಂದರೆ ಇವನು ನೀರಲ್ಲೇ ಮೊಣಕಾಲೂರಿ ಬಹಳ ಹೊತ್ತು ಏಳಲೇ ಇಲ್ಲ. ಎದ್ದ ಮೇಲೆ ತಂಡದವರನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಈ ಹಳ್ಳದಲ್ಲಿ ಬೇಸಿಗೆಗೂ ನೀರು ಇರ್ತಾ?’ ಇರುತ್ತದೆ, ವರ್ಷವಿಡೀ ಹರಿಯುವ ಹಳ್ಳವೇ ಅವಕ್ಕೆ ಬೇಕು ಎಂದರು. ವಾಪಸು ಬರುವಾಗ ಜೀಪಿನಲ್ಲಿ ಅವನು ಮಾತಾಡಿದ್ದೆಲ್ಲ ತನ್ನ ತೋಟದ ಹಳ್ಳ ಮೊದಲು ಯಾವ ತಿಂಗಳವರೆಗೆ ಹರಿಯುತ್ತಿತ್ತು, ಈಗ ಯಾವಾಗ ನಿಲ್ಲುತ್ತಿದೆ ಎಂಬುದನ್ನೇ. ಆಮೇಲೆ ನಮ್ಮ ಭಾನುವಾರದ ದಾರಿಯಲ್ಲೂ ಹಳ್ಳದ ಕಡ್ಡಿಗಳನ್ನು ಬಗ್ಗಿ ನೋಡುವ ಅಭ್ಯಾಸ ಅವನಿಗೆ ಬಂದಿದೆ. ಇಲ್ಲಿಯವರೆಗೆ ಮಣ್ಣಿನ ಉಂಡೆ ಸಿಕ್ಕಿಲ್ಲ.

ನಮ್ಮ ಜಗಳ ಇರುವುದು ಪಟಾಕಿಯ ಬಗ್ಗೆ. ಮುಶ್ಯಗಳ ಹಿಂಡು ಬಂದಾಗ ಅವನು ಹೊಡೆಯುತ್ತಾನೆ, ನಾನು ಮುಖ ತಿರುಗಿಸುತ್ತೇನೆ. ಅದನ್ನು ಗಮನಿಸಿ ಅವನು, ನಿನ್ನ ಸಂಬಳದಲ್ಲಿ ತಿಂಗಳಿಗಿಷ್ಟು ಎಂದು ಮುಶ್ಯ ಕಚ್ಚಿಕೊಂಡು ಹೋದರೆ ಆಗಲೂ ಬೈನಾಕ್ಯುಲರ್ ಹಿಡಿಯುತ್ತೀಯಾ ಎಂದು ಕೇಳಿದ್ದ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನನ್ನ ಪ್ರೀತಿಗೆ ಖರ್ಚಿಲ್ಲ. ಅವನದಕ್ಕೆ ಇದೆ, ಆದರೂ ಸಿಂಗಳೀಕ ಕಾಣದ ವರ್ಷ ಮೊದಲು ವಿಚಾರಿಸುವವನು ಅವನೇ. ನಷ್ಟ ಅನುಭವಿಸುವವನ ಕಣ್ಣು ಇಷ್ಟಪಡುವವನ ಕಣ್ಣಿಗಿಂತ ಚುರುಕು ಎಂದು ನಾನೀಗ ನಂಬಿದ್ದೇನೆ. ಅವೆರಡೂ ಒಂದೇ ಮುಖದಲ್ಲಿ ಇರಬಹುದು ಎಂಬುದನ್ನು ಅವನ ಜೊತೆ ನಡೆದೇ ನೋಡಬೇಕಾಯಿತು.

ಕಳೆದ ಸುಗ್ಗಿಯ ಮುಂಚೆ ಗದ್ದೆಗೆ ಕಾಡುಕೋಣ ಇಳಿದಿತ್ತು. ನಾವು ಹಳ್ಳ ದಾಟಿ ಬರುವಾಗ ಇನ್ನೂ ಅ‌ಲ್ಲೇ ನಿಂತಿತ್ತು, ಒಂಟಿ ಗಂಡು, ಮಂಜು ಹರಿಯುತ್ತಿತ್ತು. ಹೆಗಲ ಗುಡ್ಡ, ಬಿಳಿಯ ಕಾಲುಗಳು, ಬಾಯಿಯಿಂದ ಇಳಿಬಿದ್ದ ಭತ್ತದ ತೆನೆ. ನಾನು ಬದುವಿನ ಹಿಂದೆ ಬಗ್ಗಿ ಕುಳಿತು ಬೇಕಾದಷ್ಟು ಫೋಟೊ ತೆಗೆದೆ. ಪರಿಹಾರದ ಅರ್ಜಿಗೆ ಫೋಟೊ ಬೇಕಿತ್ತು, ಅವನಿಗೆ ಕಳಿಸಿದೆ. ಸಂಜೆ ಫೋನು ಬಂತು.

‘ಕೋಣ ಚೊಲೊ ಬಂಜು. ಗದ್ದೆ ಎಲ್ಲಿದ್ದು?’

ತೆರೆದು ನೋಡಿದೆ. ಹಿನ್ನೆಲೆಯೆಲ್ಲ ಮಸುಕು, ಅದಕ್ಕಾಗಿಯೇ ಅಷ್ಟು ದುಡ್ಡಿನ ಲೆನ್ಸು ತೆಗೆದುಕೊಂಡದ್ದು. ಅವನು ತನ್ನ ಮೊಬೈಲಿನಲ್ಲಿ ತೆಗೆದದ್ದನ್ನು ನನಗೆ ಕಳಿಸಿದ. ಮುಕ್ಕಾಲು ಭಾಗ ತುಳಿದು ಮಲಗಿಸಿದ ಭತ್ತ, ಕೆಸರಲ್ಲಿ ಗೊರಸಿನ ಗುರುತು, ಅಳತೆಗೆಂದು ಪಕ್ಕದಲ್ಲಿಟ್ಟ ಕತ್ತಿ, ಮೂಲೆಯಲ್ಲಿ ಕೋಣನ ಹಿಂಭಾಗ ಒಂದಿಷ್ಟು. ಅರ್ಜಿಯ ಜೊತೆ ಹೋದದ್ದು ಅದೇ. ದುಡ್ಡು ಇನ್ನೂ ಬಂದಿಲ್ಲ.